ಮಾಧ್ಯಮದ ಒಡೆತನ ಮತ್ತು ಸಂಪಾದಕೀಯ ಸ್ವಾತಂತ್ರ್ಯ

ಭಾರತದ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯವೆಂಬ ಮಾತು ಪ್ರತ್ಯೇಕವಾಗಿ ಎಲ್ಲಿಯೂ ಬಂದಿಲ್ಲ. 19(1)(ಎ) ವಿಧಿಯು ಎಲ್ಲ ನಾಗರಿಕರಿಗೆ ನೀಡಿರುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿಯೇ ಅದು ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು ವ್ಯಾಖ್ಯಾನಿಸಿದೆ. ಈ ಸ್ವಾತಂತ್ರ್ಯಕ್ಕೆ ಸರಕಾರದಿಂದ ಒದಗುವ ಅಪಾಯವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಪತ್ರಿಕೆಯ ಒಡೆಯನಿಂದ ಮತ್ತು ಅದಕ್ಕೆ ಹಣ ಒದಗಿಸುವವರಿಂದ ಬರುವ ಅಪಾಯ ಮಾತ್ರ ಕಾನೂನಿನ ಕಣ್ಣಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಆದುದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಪತ್ರಿಕಾ ಸ್ವಾತಂತ್ರ್ಯವೆಂದರೆ ಯಾರ ಸ್ವಾತಂತ್ರ್ಯ ಎಂಬುದು. ಅದು ಒಡೆಯನದೆ, ಸಂಪಾದಕನದೆ, ಓದುಗನದೆ? ಸ್ವತಂತ್ರ ಭಾರತದ ಮಾಧ್ಯಮ ಚರಿತ್ರೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದಾಗ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಆಯೋಗದ ಎಚ್ಚರಿಕೆ, ನ್ಯಾಯಾಲಯದ ತೀರ್ಪು

ಸ್ವಾತಂತ್ರ್ಯಾನಂತರ ದೇಶದ ದೊಡ್ಡ ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಹಲವು ಸೆಣಬು, ಬಟ್ಟೆ ಮೊದಲಾದ ಉದ್ದಿಮೆಗಳನ್ನು ನಡೆಸುತ್ತಿದ್ದ ಮನೆತನಗಳ ವಶದಲ್ಲಿದ್ದವು. ಅವುಗಳನ್ನು ‘ಸೆಣಬಿನ ಪತ್ರಿಕೆಗಳು’ ಎಂದು ಹಂಗಿಸುವ ರೂಢಿಯೂ ಹುಟ್ಟಿಕೊಂಡಿತ್ತು. ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷ ಅವರ ನೇತೃತ್ವದಲ್ಲಿ 1952ರಲ್ಲಿ ರಚನೆಯಾದ ಮೊದಲ ಪತ್ರಿಕಾ ಆಯೋಗವು 1954ರಲ್ಲಿ ಸಲ್ಲಿಸಿದ ವರದಿಯಲ್ಲಿ ಒಡೆತನದ ಕೇಂದ್ರೀಕರಣವನ್ನು ಗಂಭೀರವಾಗಿ ಪರಿಗಣಿಸಿತು. ಹೆಚ್ಚು ಬಂಡವಾಳವುಳ್ಳ ಪತ್ರಿಕೆ ಕಡಿಮೆ ಬೆಲೆಗೆ ಹೆಚ್ಚು ಪುಟಗಳನ್ನು ಕೊಟ್ಟು ಸಣ್ಣ ಪತ್ರಿಕೆಯನ್ನು ಅಳಿಸಿಹಾಕಬಲ್ಲದೆಂದು ಅದು ಕಂಡುಕೊಂಡಿತು. ಪುಟಗಳ ಸಂಖ್ಯೆಗೂ ಬೆಲೆಗೂ ಸಂಬಂಧ ಕಲ್ಪಿಸುವ ಶಾಸನ 1956ರಲ್ಲಿ ಬಂದದ್ದು ಈ ಆಲೋಚನೆಯ ಫಲವಾಗಿ. ಅದರಡಿಯ ಆದೇಶ 1960ರಲ್ಲಿ ಹೊರಬಿತ್ತು.

ಇದನ್ನು ಪ್ರಶ್ನಿಸಿದವರಲ್ಲಿ ಪುಣೆಯ ಮರಾಠಿ ದಿನಪತ್ರಿಕೆ ‘ಸಕಾಳ್’ ಪ್ರಮುಖವಾದುದು. ಪತ್ರಿಕೆಯ ಪ್ರಸಾರವೂ ಅಭಿವ್ಯಕ್ತಿ ಸ್ವಾತಂತ್ರ್ಯದ ಅಂಗವೇ ಎಂದು ತೀರ್ಮಾನಿಸಿದ ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಶಾಸನವನ್ನೂ ಆದೇಶವನ್ನೂ ಅಸಿಂಧುಗೊಳಿಸಿತು. ಮುಂದೆ 1972ರಲ್ಲಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಸರಕಾರದ ಮುದ್ರಣ ಕಾಗದ ನೀತಿ ಹೇರಿದ್ದ ಹತ್ತು ಪುಟಗಳ ಮಿತಿಯೂ ಬಿದ್ದುಹೋಯಿತು. ಈ ತೀರ್ಪುಗಳು ಸರಕಾರದ ಕೈಯನ್ನು ಕಟ್ಟಿಹಾಕಿದವು. ಅವುಗಳ ಮಹತ್ವವನ್ನು ಕಡೆಗಣಿಸುವಂತಿಲ್ಲ. ಆದರೆ ಅದೇ ತೀರ್ಪುಗಳ ಆಸರೆಯಲ್ಲಿ ದೊಡ್ಡ ಬಂಡವಾಳವೂ ನಿರಾತಂಕವಾಗಿ ಬೆಳೆಯಿತು. 1972ರ ಪ್ರಕರಣದಲ್ಲಿ ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು ಪತ್ರಿಕಾ ಸ್ವಾತಂತ್ರ್ಯವನ್ನು ಜನರು ತಿಳಿಯುವ ಹಕ್ಕಿನ ಕಡೆಯಿಂದ ನೋಡಲು ಯತ್ನಿಸಿದರು. ಅವರೇ ಮುಂದೆ ಎರಡನೆಯ ಪತ್ರಿಕಾ ಆಯೋಗದ ಅಧ್ಯಕ್ಷರಾದರು. 1982ರ ಆ ವರದಿಯು ಪತ್ರಿಕೆಗಳನ್ನು ಅವುಗಳ ಒಡೆಯರ ಇತರ ಉದ್ದಿಮೆಗಳಿಂದ ಬೇರ್ಪಡಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಇಂದಿಗೂ ಶಾಸನವಾಗಿಲ್ಲ.

ಸಂಪಾದಕನ ನೆಲೆ

ಒಡೆಯನ ಹಕ್ಕಿಗೆ ನ್ಯಾಯಾಲಯದ ರಕ್ಷಣೆ ದೊರೆತಂತೆ ಸಂಪಾದಕನ ಹಕ್ಕಿಗೆ ದೊರೆಯಲಿಲ್ಲ. ಬಿರ್ಲಾ ಸಮೂಹದ ‘ಹಿಂದೂಸ್ತಾನ್ ಟೈಮ್ಸ್’ ಪತ್ರಿಕೆಯ ಸಂಪಾದಕರಾಗಿದ್ದ ಬಿ.ಜಿ. ವರ್ಗೀಸ್ ಅವರ ಪ್ರಕರಣ ಇದಕ್ಕೆ ನಿದರ್ಶನ. ಸಿಕ್ಕಿಂ ಕುರಿತ ಕೇಂದ್ರ ಸರಕಾರದ ನಡೆಯನ್ನು 1974ರಲ್ಲಿ ಟೀಕಿಸಿ ಬರೆದ ಅವರು ಆಡಳಿತವರ್ಗದ ಅಸಮಾಧಾನಕ್ಕೆ ಗುರಿಯಾದರು. 1975ರಲ್ಲಿ ಅವರ ಸೇವೆ ಕೊನೆಗೊಂಡಿತು. ವಿಷಯವು ಪತ್ರಿಕಾ ಮಂಡಳಿಯ ಮುಂದೆ ಹೋಗಿತ್ತು. ಆದರೆ ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಮಂಡಳಿಯೇ ರದ್ದಾಯಿತು.

ಈ ಪ್ರಕರಣದಿಂದ ಗ್ರಹಿಸಬೇಕಾದ ಮುಖ್ಯ ಅಂಶವೊಂದಿದೆ. ಬೇರೆ ಉದ್ದಿಮೆಗಳುಳ್ಳ ಒಡೆಯನಿಗೆ ಪರವಾನಗಿ, ಸಾಲ, ಗುತ್ತಿಗೆ, ಭೂಮಿ ಇವೆಲ್ಲವೂ ಸರಕಾರದಿಂದಲೇ ಬರಬೇಕು. ಹೀಗಿರುವಾಗ ಸರಕಾರವು ಪತ್ರಿಕೆಯ ಮೇಲೆ ನೇರವಾಗಿ ಒತ್ತಡ ಹೇರುವ ಅಗತ್ಯವೇ ಇರುವುದಿಲ್ಲ. ಒಡೆಯನ ಕಾರ್ಖಾನೆಯ ಬಾಗಿಲಿನಿಂದ ಆ ಒತ್ತಡ ಸುದ್ದಿಮನೆಯನ್ನು ಪ್ರವೇಶಿಸುತ್ತದೆ. ಉದ್ಯಮದ ಹಿಡಿತ ಮತ್ತು ಸರಕಾರದ ಹಿಡಿತ ಎಂಬ ಎರಡು ಅಪಾಯಗಳು ಅನೇಕ ವೇಳೆ ಒಂದೇ ಅಪಾಯದ ಎರಡು ಮುಖಗಳು.

ಬೆಲೆ ಇಳಿಕೆ ಮತ್ತು ಓದುಗನ ಸ್ಥಾನ

ಉದಾರೀಕರಣದ ನಂತರ ಬದಲಾವಣೆಯ ವೇಗ ಹೆಚ್ಚಿತು. 1994ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ದೆಹಲಿಯಲ್ಲಿ ತನ್ನ ಬೆಲೆಯನ್ನು ಗಣನೀಯವಾಗಿ ಇಳಿಸಿ ದರಸಮರಕ್ಕೆ ನಾಂದಿ ಹಾಡಿತು. ಇಂತಹ ಸ್ಪರ್ಧೆಯಲ್ಲಿ ಪತ್ರಿಕೆಯ ಬೆಲೆಯು ಅದರ ಕಾಗದದ ವೆಚ್ಚವನ್ನೂ ತುಂಬಿಕೊಡುವುದಿಲ್ಲ. ಉಳಿದ ವೆಚ್ಚವನ್ನು ಜಾಹೀರಾತುದಾರನೇ ಭರಿಸಬೇಕು. ಓದುಗನಿಗೆ ಇದು ಲಾಭವಾಗಿ ಕಂಡರೂ ವ್ಯವಹಾರದ ಒಳಸ್ವರೂಪ ತಲೆಕೆಳಗಾಗಿರುತ್ತದೆ. ಮೊದಲು ಸುದ್ದಿಯನ್ನು ಓದುಗನಿಗೆ ಮಾರಲಾಗುತ್ತಿತ್ತು. ಈಗ ಓದುಗರ ಸಂಖ್ಯೆಯನ್ನು ಜಾಹೀರಾತುದಾರನಿಗೆ ಮಾರಲಾಗುತ್ತದೆ. ಹಣ ಕೊಡುವವನ ಮಾತಿಗೆ ತೂಕ ಬರುವುದು ಯಾವುದೇ ವ್ಯಾಪಾರದ ನಿಯಮ. ಪತ್ರಿಕೆ ಅದಕ್ಕೆ ಹೊರತಾಗಲಿಲ್ಲ.

ಮುಂದಿನ ಹೆಜ್ಜೆಗಳು ಈ ತರ್ಕವನ್ನೇ ಅನುಸರಿಸಿದವು. ಅದೇ ಸಮೂಹವು 2003ರಲ್ಲಿ ‘ಮೀಡಿಯಾನೆಟ್’ ಎಂಬ ಯೋಜನೆಯ ಮೂಲಕ ಪುರವಣಿಗಳಲ್ಲಿ ಹಣ ಪಡೆದು ವರದಿ ಪ್ರಕಟಿಸುವುದಕ್ಕೆ ಅಧಿಕೃತ ರೂಪ ನೀಡಿತು. 2005ರಲ್ಲಿ ‘ಖಾಸಗಿ ಒಪ್ಪಂದ’ಗಳ ಪದ್ಧತಿ ಆರಂಭವಾಯಿತು. ಇದರಂತೆ ಕಂಪನಿಯೊಂದು ಜಾಹೀರಾತಿಗೆ ನಗದು ಕೊಡುವ ಬದಲು ತನ್ನ ಷೇರುಗಳನ್ನು ಮಾಧ್ಯಮ ಸಂಸ್ಥೆಗೆ ಕೊಡುತ್ತದೆ. ಕಂಪನಿಯ ಷೇರು ಏರಿದರೆ ಪತ್ರಿಕೆಗೂ ಲಾಭ, ಕುಸಿದರೆ ಪತ್ರಿಕೆಗೂ ನಷ್ಟ. ಆ ಕಂಪನಿಯ ಕುರಿತ ಪ್ರತಿಕೂಲ ಸುದ್ದಿಯನ್ನು ಪ್ರಕಟಿಸುವ ಪತ್ರಿಕೆ ತನ್ನ ಆಸ್ತಿಯನ್ನೇ ಕರಗಿಸಿಕೊಳ್ಳುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಹೂಡಿಕೆದಾರರ ಹಿತದೃಷ್ಟಿಯಿಂದ ಆಕ್ಷೇಪವೆತ್ತಿದ ಬಳಿಕ, 2010ರಲ್ಲಿ ಇಂತಹ ಸಂಬಂಧಗಳನ್ನು ಸುದ್ದಿಯೊಂದಿಗೇ ಬಹಿರಂಗಪಡಿಸಬೇಕೆಂಬ ಮಾರ್ಗಸೂಚಿ ಬಂದಿತು.

ಕಾಸಿಗಾಗಿ ಸುದ್ದಿ

ವಾಣಿಜ್ಯ ಸುದ್ದಿಯಲ್ಲಿ ಮೊಳೆತ ಈ ಅಭ್ಯಾಸ ಚುನಾವಣಾ ಸುದ್ದಿಗೂ ಹರಡಿತು. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಕಾಲದಲ್ಲಿ ಪರಸ್ಪರ ಸ್ಪರ್ಧಿಗಳಾದ ಪತ್ರಿಕೆಗಳಲ್ಲಿ ಒಬ್ಬನೇ ರಾಜಕಾರಣಿಯ ಗುಣಗಾನದ ಒಂದೇ ಬರಹ ಅಕ್ಷರಶಃ ಪ್ರಕಟವಾದುದನ್ನು ಪತ್ರಕರ್ತ ಪಿ. ಸಾಯಿನಾಥ್ ‘ದಿ ಹಿಂದೂ’ ಪತ್ರಿಕೆಯಲ್ಲಿ ಬಯಲಿಗೆಳೆದರು. ಭಾರತೀಯ ಪತ್ರಿಕಾ ಮಂಡಳಿಯು ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರನ್ನೊಳಗೊಂಡ ಉಪಸಮಿತಿಯಿಂದ ಈ ಬಗ್ಗೆ ತನಿಖೆ ನಡೆಸಿತು. ಸಮಿತಿಯ 71 ಪುಟಗಳ ವರದಿಯಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. ಆದರೆ 2010ರಲ್ಲಿ ಮಂಡಳಿ ಅಂಗೀಕರಿಸಿದ ಸಂಕ್ಷಿಪ್ತ ವರದಿಯಲ್ಲಿ ಆ ಹೆಸರುಗಳಿರಲಿಲ್ಲ. ಕೇಂದ್ರ ಮಾಹಿತಿ ಆಯೋಗದ ಆದೇಶದ ನಂತರವಷ್ಟೇ, 2011ರಲ್ಲಿ, ಪೂರ್ಣ ವರದಿ ಸಾರ್ವಜನಿಕರ ಕೈಸೇರಿತು. ಮಂಡಳಿಯ ಸದಸ್ಯರಲ್ಲಿ ಪತ್ರಿಕೆಗಳ ಮಾಲೀಕರ ಪ್ರತಿನಿಧಿಗಳೂ ಇರುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು. ಅದೇ ವರ್ಷ ಚುನಾವಣಾ ಆಯೋಗವು ಇಂತಹ ಸುದ್ದಿಯ ವೆಚ್ಚವನ್ನು ಲೆಕ್ಕದಲ್ಲಿ ತೋರಿಸದ ಉತ್ತರ ಪ್ರದೇಶದ ಶಾಸಕಿಯೊಬ್ಬರನ್ನು ಅನರ್ಹಗೊಳಿಸಿತು. ಶಿಕ್ಷೆ ಸುದ್ದಿಯನ್ನು ಕೊಂಡವರಿಗಾಯಿತು. ಮಾರಿದವರನ್ನು ಶಿಕ್ಷಿಸುವ ಕಾನೂನು ಇರಲಿಲ್ಲ.

ಸಾಲದ ಮೂಲಕ ಒಡೆತನ

ದೂರದರ್ಶನ ವಾಹಿನಿಗಳ ಕ್ಷೇತ್ರದಲ್ಲಿ ಬಂಡವಾಳದ ಅಗತ್ಯ ಇನ್ನೂ ಹೆಚ್ಚು. ನೆಟ್‌ವರ್ಕ್ 18 ಸಮೂಹಕ್ಕೆ 2012ರಲ್ಲಿ ಟ್ರಸ್ಟೊಂದರ ಮುಖಾಂತರ ಹಣ ಒದಗಿಸಿದ ರಿಲಯನ್ಸ್, 2014ರಲ್ಲಿ ಅದರ ನಿಯಂತ್ರಣವನ್ನೇ ಪಡೆಯಿತು. ಎನ್‌ಡಿಟಿವಿಯ ಪ್ರಕರಣ ಮತ್ತಷ್ಟು ಬೋಧಪ್ರದವಾದುದು. ಅದರ ಸ್ಥಾಪಕರ ಕಂಪನಿಯು 2009-10ರಲ್ಲಿ ಸುಮಾರು 403 ಕೋಟಿ ರೂಪಾಯಿ ಸಾಲ ಪಡೆದಿತ್ತು. ಸಾಲವನ್ನು ಷೇರಾಗಿ ಪರಿವರ್ತಿಸಿಕೊಳ್ಳುವ ಹಕ್ಕು ಸಾಲ ಕೊಟ್ಟ ಸಂಸ್ಥೆಗಿತ್ತು. 2022ರ ಆಗಸ್ಟ್‌ನಲ್ಲಿ ಅದಾನಿ ಸಮೂಹವು ಆ ಸಂಸ್ಥೆಯನ್ನೇ ಖರೀದಿಸಿ, ಹಕ್ಕನ್ನು ಚಲಾಯಿಸಿ, ವಾಹಿನಿಯ ಶೇ. 29.18ರಷ್ಟು ಷೇರುಗಳ ಮೇಲೆ ಹಿಡಿತ ಸಾಧಿಸಿತು. ಅದೇ ವರ್ಷಾಂತ್ಯಕ್ಕೆ ಬಹುಪಾಲು ಷೇರುಗಳು ಅದರ ವಶವಾದವು. ಸುದ್ದಿ ಸಂಸ್ಥೆಯೊಂದರ ಭವಿಷ್ಯವು ಅದರ ವೀಕ್ಷಕರಿಗೆ ತಿಳಿಯದ ಸಾಲಪತ್ರದಲ್ಲಿ ಹನ್ನೆರಡು ವರ್ಷ ಮೊದಲೇ ಅಡಗಿ ಕುಳಿತಿತ್ತೆಂದು ಹೇಳಬಹುದು.

ಕರ್ನಾಟಕದ ಅನುಭವ

ಕನ್ನಡ ಪತ್ರಿಕೋದ್ಯಮವೂ ಈ ಪ್ರವಾಹದಿಂದ ದೂರ ಉಳಿಯಲಿಲ್ಲ. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ ಅವರು 1999ರಲ್ಲಿ ಆರಂಭಿಸಿದ ‘ವಿಜಯ ಕರ್ನಾಟಕ’ವು ಕಡಿಮೆ ಬೆಲೆ ಮತ್ತು ಸಮರ್ಥ ವಿತರಣೆಯಿಂದ ಅಲ್ಪಕಾಲದಲ್ಲಿಯೇ ಅಗ್ರಸ್ಥಾನಕ್ಕೇರಿತು. 2006ರಲ್ಲಿ ಅದು ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಲಕ್ಷಾಂತರ ಓದುಗರ ಪತ್ರಿಕೆ ಕೈಬದಲಾಗುವಾಗ ಓದುಗರ ಅಭಿಪ್ರಾಯಕ್ಕೆ ಯಾವ ಸ್ಥಾನವೂ ಇರುವುದಿಲ್ಲವೆಂಬುದು ಆಗ ಕನ್ನಡಿಗರಿಗೆ ಅರಿವಾಯಿತು.

ಇದಕ್ಕೆ ಪರ್ಯಾಯಗಳನ್ನು ಹುಡುಕಿದ ಪ್ರಯತ್ನಗಳೂ ಇಲ್ಲಿಯೇ ನಡೆದಿವೆ. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ವಾರಪತ್ರಿಕೆಯು ಜಾಹೀರಾತುಗಳಿಲ್ಲದೆ, ಓದುಗರು ಕೊಡುವ ಬೆಲೆಯ ಬಲದಿಂದಲೇ ನಿಂತಿತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ಹೊರತಂದ ‘ಮುಂಗಾರು’ ದಿನಪತ್ರಿಕೆಯು ಓದುಗರೇ ಒಡೆಯರೆಂಬ ತತ್ತ್ವವನ್ನು ಕಾರ್ಯಗತಗೊಳಿಸಲು ಹೊರಟಿತು. ಮೊದಲನೆಯದು ಯಶಸ್ವಿಯಾಯಿತು. ಎರಡನೆಯದು ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿ ಬಹುಕಾಲ ಬಾಳಲಿಲ್ಲ. ದಿನಪತ್ರಿಕೆಗೆ ಬೇಕಾದ ಯಂತ್ರ, ಕಾಗದ, ವಿತರಣಾ ಜಾಲ, ಸಿಬ್ಬಂದಿಯ ವೆಚ್ಚ ವಾರಪತ್ರಿಕೆಯದಕ್ಕಿಂತ ಬಹುಪಾಲು ಹೆಚ್ಚು. ಆದರ್ಶವಿದ್ದರೂ ಅದನ್ನು ಹೊರುವ ಬಂಡವಾಳದ ವ್ಯವಸ್ಥೆ ಇಲ್ಲದಿದ್ದರೆ ಪತ್ರಿಕೆ ಉಳಿಯದೆಂಬುದಕ್ಕೆ ‘ಮುಂಗಾರು’ ಸಾಕ್ಷಿ. ದಾನನಿಧಿಯ ಮೂಲಕ ಸ್ವತಂತ್ರ ಸುದ್ದಿ ಸಂಸ್ಥೆಗಳಿಗೆ ನೆರವಾಗುವ ಪ್ರತಿಷ್ಠಾನವೊಂದು ಬೆಂಗಳೂರಿನಲ್ಲಿ 2015ರಲ್ಲಿ ಸ್ಥಾಪನೆಯಾದುದು ಈ ದಿಸೆಯ ಮತ್ತೊಂದು ಪ್ರಯೋಗ. ಅಲ್ಲಿಯೂ ಹಣದ ಮೂಲ ಉದ್ಯಮಪತಿಗಳ ಔದಾರ್ಯವೇ ಆಗಿದೆ.

ಉಪಸಂಹಾರ

ಪ್ರತಿಯೊಬ್ಬ ಉದ್ಯಮಿಯೂ ಸುದ್ದಿಯನ್ನು ತಿರುಚುತ್ತಾನೆಂದು ಹೇಳುವುದು ಅನ್ಯಾಯವಾದೀತು. ಒಡೆತನದ ಪ್ರಭಾವವು ಲಿಖಿತ ಆಜ್ಞೆಯ ರೂಪದಲ್ಲಿ ಬರುವುದೂ ಅಪರೂಪ. ಯಾವ ವರದಿಗೆ ವರದಿಗಾರನನ್ನು ಕಳುಹಿಸಬೇಕು, ಯಾವುದಕ್ಕೆ ಕಳುಹಿಸಬಾರದು ಎಂಬ ನಿತ್ಯದ ನಿರ್ಧಾರಗಳಲ್ಲಿ ಅದು ಕೆಲಸ ಮಾಡುತ್ತದೆ. ಪ್ರಕಟವಾಗದ ಸುದ್ದಿಗೆ ದಾಖಲೆಯಿಲ್ಲ. ಆದುದರಿಂದ ಅದರ ವಿರುದ್ಧ ದೂರು ಕೊಡುವವರೂ ಇಲ್ಲ.

2014ರ ಆಗಸ್ಟ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಮಾಧ್ಯಮ ಒಡೆತನದ ಕುರಿತು ಶಿಫಾರಸುಗಳನ್ನು ನೀಡಿ, ಸ್ವತಂತ್ರ ನಿಯಂತ್ರಕ ಸಂಸ್ಥೆಯ ಅಗತ್ಯವನ್ನು ಪ್ರತಿಪಾದಿಸಿತು. ಅವು ಸಮಗ್ರ ಕಾನೂನಿನ ರೂಪ ಪಡೆಯಲಿಲ್ಲ. ಸಾಲ, ಷೇರು, ಜಾಹೀರಾತು ಒಪ್ಪಂದಗಳನ್ನು ಓದುಗನ ಮುಂದೆ ತೆರೆದಿಡುವುದು, ಸಂಪಾದಕನ ಸೇವಾಭದ್ರತೆಗೆ ಕಾನೂನಿನ ಬೆಂಬಲ ನೀಡುವುದು, ಒಡೆಯರ ಪ್ರಾತಿನಿಧ್ಯವಿಲ್ಲದ ವಿಚಾರಣಾ ವ್ಯವಸ್ಥೆ ರೂಪಿಸುವುದು ಇವು ಕನಿಷ್ಠ ಕ್ರಮಗಳು. ಇವುಗಳ ಜೊತೆಗೆ ಓದುಗನ ಹೊಣೆಯೂ ಸೇರುತ್ತದೆ. ಸುದ್ದಿಯ ನಿಜವಾದ ಬೆಲೆಯನ್ನು ಓದುಗ ಕೊಡದಿದ್ದರೆ ಮತ್ತೊಬ್ಬರು ಕೊಡುತ್ತಾರೆ. ಕೊಟ್ಟವರು ಅದಕ್ಕೆ ಪ್ರತಿಫಲವನ್ನೂ ಕೇಳುತ್ತಾರೆ. ಪತ್ರಿಕಾ ಸ್ವಾತಂತ್ರ್ಯವು ಓದುಗನ ಸ್ವಾತಂತ್ರ್ಯವಾಗಬೇಕಾದರೆ, ಅದರ ವೆಚ್ಚದಲ್ಲಿಯೂ ಅವನ ಪಾಲು ಇರಲೇಬೇಕು.