ಋತುವಿಗೂ ಕರಾವಿನ ಅವಧಿಗೂ ತಕ್ಕಂತೆ ಆಕಳ ಹಾಲಿನ ಗುಣವು ಬದಲಾಗುವ ವಿಚಾರ

ಕಮಲನಗರ, ಔರಾದ ಮತ್ತು ಭಾಲ್ಕಿ ಸೀಮೆಗಳಲ್ಲಿ ಹೈನು ಮಾರುವ ಒಕ್ಕಲಿಗರಿಗೆ ಹಾಲಿನ ಬೆಲೆಯು ಅಳತೆಯಿಂದ ಮಾತ್ರವಲ್ಲದೆ, ಅದರಲ್ಲಿರುವ ಜಿಡ್ಡಿನಿಂದಲೂ ಜಿಡ್ಡಲ್ಲದ ಇತರ ಘನಪದಾರ್ಥಗಳಿಂದಲೂ ನಿರ್ಣಯವಾಗುತ್ತದೆ. ಒಂದೇ ಆಕಳ ಹಾಲು ಪುಷ್ಯಮಾಸದಲ್ಲಿ ಒಳ್ಳೆಯ ಅಂಕ ತೋರಿ, ಆಷಾಢದಲ್ಲಿ ಇಳಿದರೆ, ಒಡೆಯನು ನೀರು ಬೆರೆಸಿದನೆಂಬ ಅಪವಾದ ಹುಟ್ಟುವುದುಂಟು. ಒಂದೆರಡು ಆಕಳನ್ನೇ ನಂಬಿದ ಬಡ ಮನೆತನಕ್ಕೆ ಇದರಿಂದ ಹಣಕ್ಕಿಂತಲೂ ಮಾನದ ನಷ್ಟವೇ ಹೆಚ್ಚು. ಇಂತಹ ತಕರಾರು ಮೊದಲು ಬರುವುದು ಗ್ರಾಮದ ಮುಖಂಡರ ಬಳಿಗೆ. ಆದುದರಿಂದ ಹಾಲಿನ ಗುಣವು ತಾನಾಗಿಯೇ ಎಷ್ಟು ಬದಲಾಗುವುದು, ನೀರು ಬೆರೆಸಿದರೆ ಹೇಗೆ ಬದಲಾಗುವುದು ಎಂಬ ಭೇದವನ್ನು ಅವರು ಅರಿತಿರುವುದು ಅವಶ್ಯಕ.

ಹಾಲಿನ ಘಟಕಗಳು.— ಆಕಳ ಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರೇ ಇರುತ್ತದೆ. ಉಳಿದುದರಲ್ಲಿ ಜಿಡ್ಡು ಸುಮಾರು 4 ಪಾಲು, ಸಸಾರಜನಕ 3.5, ಹಾಲುಸಕ್ಕರೆ 4.7, ಲವಣಗಳು 0.7. ಈ ಪ್ರಾಂತದ ದೇವಣಿ ತಳಿಯ ಆಕಳ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ 4ಕ್ಕೆ ಮೇಲ್ಪಟ್ಟಿರುತ್ತದೆ. ವಿದೇಶೀ ಹೋಲ್‌ಸ್ಟೀನ್ ರಕ್ತ ಬೆರೆತ ಮಿಶ್ರತಳಿಯಲ್ಲಿ ಹಾಲು ಹೆಚ್ಚು, ಜಿಡ್ಡು ಕಡಿಮೆ. ಎಮ್ಮೆಯಲ್ಲಿ 6ರಿಂದ 7 ಪಾಲು. 2017ರಲ್ಲಿ ತಿದ್ದುಪಡಿಯಾದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಆಕಳ ಹಾಲಿನಲ್ಲಿ ಜಿಡ್ಡು ಶೇಕಡ 3.2ಕ್ಕೂ, ಜಿಡ್ಡಲ್ಲದ ಘನಪದಾರ್ಥ 8.3ಕ್ಕೂ ಕಡಿಮೆಯಿರಕೂಡದು.

ಈ ಘಟಕಗಳೆಲ್ಲವೂ ಸಮನಾಗಿ ಏರಿಳಿಯುವುದಿಲ್ಲ. ಎಲ್ಲಕ್ಕಿಂತ ಚಂಚಲವಾದುದು ಜಿಡ್ಡು; ಸಸಾರಜನಕವು ಅದಕ್ಕಿಂತ ಸ್ಥಿರ; ಹಾಲುಸಕ್ಕರೆಯು ಅತ್ಯಂತ ಸ್ಥಿರ. ಕೆಚ್ಚಲಿನಲ್ಲಿ ಸಕ್ಕರೆಯು ಎಷ್ಟು ತಯಾರಾಗುವುದೋ ಅದಕ್ಕೆ ತಕ್ಕಷ್ಟು ನೀರನ್ನೇ ಅದು ರಕ್ತದಿಂದ ಸೆಳೆದುಕೊಳ್ಳುವುದು ಇದಕ್ಕೆ ಕಾರಣ. ಸಕ್ಕರೆ ಕಡಿಮೆಯಾದರೆ ಹಾಲೇ ಕಡಿಮೆಯಾಗುವುದಲ್ಲದೆ, ಹಾಲು ಅಷ್ಟಾಗಿ ತೆಳುವಾಗದು.

ಕರಾವಿನ ಅವಧಿಯ ಪ್ರಭಾವ.— ಆಕಳು ಈದ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಸಸಾರಜನಕವು ಬಹಳ ಹೆಚ್ಚು, ಸಕ್ಕರೆ ಕಡಿಮೆ. ಇದು ಕಾಸಿದರೆ ಒಡೆಯುವುದು. ಕರುವಿಗೆ ರೋಗನಿರೋಧಕ ಶಕ್ತಿಯನ್ನು ಕೊಡುವುದೂ ಇದೇ. ಆದುದರಿಂದ ಮೊದಲ ಐದು ದಿನ ಇದನ್ನು ಮಾರುವ ಹಾಲಿಗೆ ಸೇರಿಸಬಾರದು.

ಆ ಬಳಿಕ ಹಾಲಿನ ಪ್ರಮಾಣವು ಏರುತ್ತಾ ಹೋಗಿ, ಈದ ನಾಲ್ಕರಿಂದ ಎಂಟನೆಯ ವಾರದೊಳಗೆ ತುತ್ತತುದಿಗೆ ಮುಟ್ಟುವುದು. ಆ ಕಾಲದಲ್ಲಿಯೇ ಜಿಡ್ಡೂ ಸಸಾರಜನಕವೂ ಅತಿ ಕಡಿಮೆ. ಮುಂದೆ ಹಾಲು ಇಳಿದಂತೆಲ್ಲ ಜಿಡ್ಡಿನ ಅಂಕವು ಮೆಲ್ಲನೆ ಏರಿ, ಆಕಳು ಹಾಲು ಬತ್ತಿಸುವ ವೇಳೆಗೆ ಅರ್ಧದಿಂದ ಒಂದು ಪಾಲಿನಷ್ಟು ಹೆಚ್ಚುವುದುಂಟು. ಕಡೆಗಾಲದ ಹಾಲಿನಲ್ಲಿ ಸಕ್ಕರೆ ಸ್ವಲ್ಪ ಕುಗ್ಗಿ ಉಪ್ಪಿನಂಶ ಹೆಚ್ಚುವುದರಿಂದ ಅದು ತುಸು ಉಪ್ಪಾಗಿರುತ್ತದೆ.

ಆದರೆ ಅಂಕ ಏರಿದ ಮಾತ್ರಕ್ಕೆ ತುಪ್ಪ ಹೆಚ್ಚಿತೆಂದು ಭ್ರಮಿಸಬಾರದು. ಶೇಕಡ 4 ಜಿಡ್ಡಿನ 6 ಕಿಲೋ ಹಾಲಿನಲ್ಲಿ 240 ಗ್ರಾಂ ಜಿಡ್ಡಿದ್ದರೆ, ಶೇಕಡ 5ರ 3 ಕಿಲೋ ಹಾಲಿನಲ್ಲಿ ಇರುವುದು 150 ಗ್ರಾಂ ಮಾತ್ರ.

ಋತುವಿನ ಪ್ರಭಾವ.— ಚಳಿಗಾಲದಲ್ಲಿ ಜಿಡ್ಡೂ ಘನಪದಾರ್ಥಗಳೂ ಮೇಲ್ಮಟ್ಟದಲ್ಲಿರುತ್ತವೆ. ಹವೆ ಹಿತ, ಮೇವು ಹೇರಳ. ಬೇಸಿಗೆಯಲ್ಲಿ ದನವು ಸೆಕೆಯಿಂದ ಮೇವು ತಿನ್ನುವುದು ಕಡಿಮೆ. ತಿಂದುದರಲ್ಲಿಯೂ ಬಹುಪಾಲು ಒಣ ಜೋಳದ ಕಣಿಕೆ. ಇದರಲ್ಲಿ ನಾರುಂಟು, ಸಸಾರಜನಕವು ಬಹಳ ಕಡಿಮೆ. ಆದುದರಿಂದ ಹಾಲಿನ ಪ್ರಮಾಣವೂ ಘನಪದಾರ್ಥವೂ ಇಳಿಯುವುವು. ದೇವಣಿ ಆಕಳು ಈ ಬಿಸಿಲನ್ನು ಬಹುಮಟ್ಟಿಗೆ ತಾಳುವುದು. ಮಿಶ್ರತಳಿಯೂ, ಕರಿಯ ಚರ್ಮದ, ಬೆವರು ಗ್ರಂಥಿಗಳು ಕಡಿಮೆಯಿರುವ ಎಮ್ಮೆಯೂ ಬೇಗ ಬಳಲುವುವು. ಮೃಗಶಿರಾ ಮಳೆ ಬಿದ್ದು ಹೊಸ ಹುಲ್ಲು ಚಿಗುರಿದಾಗ ಹಾಲು ಹೆಚ್ಚುವುದು. ಆದರೆ ಎಳೆಯ ಹುಲ್ಲಿನಲ್ಲಿ ನಾರು ಕಡಿಮೆಯಾದುದರಿಂದ ಜಿಡ್ಡು ಕುಗ್ಗುವುದು. ಈ ಕಾಲದಲ್ಲಿಯೇ ಊರಿನ ಹಲವು ಆಕಳು ಹೊಸದಾಗಿ ಈದಿದ್ದರೆ ಎರಡು ಕಾರಣಗಳೂ ಕೂಡಿ, ಇಡೀ ಗ್ರಾಮದ ಹಾಲಿನ ಜಿಡ್ಡು ಒಮ್ಮೆಲೇ ಇಳಿದಂತೆ ತೋರುವುದು.

ಒಂದೇ ದಿನದಲ್ಲಿ ಆಗುವ ವ್ಯತ್ಯಾಸ.— ಮೊದಲ ಧಾರೆಯ ಹಾಲಿನಲ್ಲಿ ಜಿಡ್ಡು ಒಂದೆರಡು ಪಾಲು ಮಾತ್ರವಿದ್ದು, ಕಡೆಯ ಧಾರೆಯಲ್ಲಿ ಅದರ ಹಲವು ಪಟ್ಟು ಇರುತ್ತದೆ. ಮೊದಲು ಹಿಂಡಿ ಮಾರಿ, ಕಡೆಯ ಧಾರೆಯನ್ನು ಕರುವಿಗೆ ಬಿಟ್ಟವನ ಹಾಲು ನೀರು ಬೆರೆಸದಿದ್ದರೂ ಜಿಡ್ಡಿನಲ್ಲಿ ಸೋಲುವುದು. ಎರಡು ಹೊತ್ತಿನ ನಡುವೆ ಅಂತರ ಕಡಿಮೆಯಿದ್ದರೆ ಆ ಹೊತ್ತಿನ ಹಾಲು ಗಟ್ಟಿ. ಸಾಮಾನ್ಯವಾಗಿ ಸಂಜೆಯ ಹಾಲು ಮುಂಜಾನೆಯದಕ್ಕಿಂತ ಜಿಡ್ಡಾಗಿರುವುದು ಇದರಿಂದಲೇ.

ನೀರು ಬೆರೆತುದನ್ನು ತಿಳಿಯುವ ಕ್ರಮ.— ನೀರು ಎಲ್ಲ ಘಟಕಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸುವುದು. ಜಿಡ್ಡು 4.2, ಇತರ ಘನಪದಾರ್ಥ 8.7 ಇರುವ ಒಂಬತ್ತು ಲೀಟರು ಹಾಲಿಗೆ ಒಂದು ಲೀಟರು ನೀರು ಸೇರಿದರೆ ಅವು ಸುಮಾರು 3.8 ಮತ್ತು 7.8ಕ್ಕೆ ಬರುವುವು. ಜಿಡ್ಡು ಮಾತ್ರ ಇಳಿದು ಇತರ ಘನಪದಾರ್ಥವು ಮೊದಲಿನಂತೆಯೇ ಇದ್ದರೆ, ಅದು ಬರಿಯ ನೀರಿನ ಕೆಲಸವಲ್ಲ. ಕರಾವಿನ ಅವಧಿ, ಎಳೆಹುಲ್ಲು, ಅರೆಹಿಂಡುವಿಕೆ ಇಲ್ಲವೆ ಕೆನೆ ತೆಗೆದಿರುವುದು ಕಾರಣವಾಗಿರಬಹುದು. ಎರಡೂ ಇಳಿದರೂ ಕೂಡಲೆ ದೂಷಿಸಲಾಗದು. ಕಡುಬೇಸಿಗೆಯೂ ಕೆಚ್ಚಲುಬಾವೂ ಇದೇ ಫಲವನ್ನು ತೋರುವುದುಂಟು. ಲ್ಯಾಕ್ಟೋಮೀಟರು ಶುದ್ಧ ಆಕಳ ಹಾಲಿನಲ್ಲಿ ಸಾಮಾನ್ಯವಾಗಿ 28ರಿಂದ 32 ತೋರುವುದಾದರೂ, ಹಾಲು ಬೆಚ್ಚಗಿದ್ದರೆ ಅದು ಹೆಚ್ಚು ಮುಳುಗಿ ಅಂಕ ಕಡಿಮೆ ತೋರುವುದನ್ನು ಮರೆಯಬಾರದು.

ಸಂಶಯ ಉಳಿದರೆ ಆಕಳನ್ನೇ ಸಾಕ್ಷಿಯಾಗಿ ಕೇಳತಕ್ಕದ್ದು. ತಕರಾರು ಬಂದ ಮರುದಿನ, ಅದೇ ಹೊತ್ತಿಗೆ, ಇಬ್ಬರು ಪಂಚರ ಸಮಕ್ಷಮ ಒಣಗಿದ ಪಾತ್ರೆಯಲ್ಲಿ ಆಕಳನ್ನು ಕಡೆಯ ಧಾರೆಯವರೆಗೆ ಹಿಂಡಿಸಿ, ಚೆನ್ನಾಗಿ ಕಲಕಿ, ಮಾದರಿ ತೆಗೆದು ಪರೀಕ್ಷಿಸಬೇಕು. ಎರಡು ಹಾಲಿನ ಅಂಕಗಳೂ ಹೊಂದಿದರೆ ಅಪವಾದವು ನಿಲ್ಲದು. ಸಾಕ್ಷಿಯ ಹಾಲಿನಲ್ಲಿ ಜಿಡ್ಡೂ ಇತರ ಘನಪದಾರ್ಥವೂ ಒಂದೇ ಪ್ರಮಾಣದಲ್ಲಿ ಮೇಲಿದ್ದರೆ ಸಂಶಯಕ್ಕೆ ಆಧಾರವುಂಟು.

ಒಕ್ಕಲಿಗರು ಮಾಡತಕ್ಕದ್ದು.— (1) ಈದ ದಿನವನ್ನು ಬರೆದಿಟ್ಟುಕೊಳ್ಳಬೇಕು; ತಕರಾರಿನಲ್ಲಿ ಇದು ಬಲವಾದ ಆಧಾರ. (2) ಮಳೆಗಾಲದಲ್ಲಿ ದನವನ್ನು ಹೊಸ ಹುಲ್ಲಿಗೆ ಬಿಡುವ ಮೊದಲು ಸ್ವಲ್ಪ ಕಣಿಕೆ ತಿನ್ನಿಸಬೇಕು. (3) ಬೇಸಿಗೆಗಾಗಿ ತೊಗರಿ, ಹೆಸರುಗಳ ಹೊಟ್ಟನ್ನು ಕೂಡಿಡಬೇಕು. ಬಾವಿಯುಳ್ಳವರು ಹಸಿ ಮೇವು ಬೆಳೆಯಬೇಕು. (4) ಬಿಸಿಲಿಗೆ ನೆರಳು, ಮೂರು ನಾಲ್ಕು ಸಲ ನೀರು, ತಂಪು ಹೊತ್ತಿನಲ್ಲಿ ಮೇವು. (5) ಹಾಲು ಕೊಡುವ ಆಕಳಿಗೆ ಪ್ರತಿ ಎರಡೂವರೆ ಲೀಟರಿಗೆ ಸುಮಾರು ಒಂದು ಕಿಲೋದಂತೆ ಹಿಂಡಿ ಮತ್ತು ಧಾನ್ಯದ ಮಿಶ್ರಣ. (6) ಕರುವಿನ ಪಾಲನ್ನು ಒಂದು ಮೊಲೆಯಲ್ಲಿ ಬಿಟ್ಟು, ಉಳಿದವನ್ನು ಪೂರ್ತಿಯಾಗಿ ಹಿಂಡಬೇಕು.

ನೀರು ಬೆರೆಸುವವನನ್ನು ಹಿಡಿಯುವುದು ಎಷ್ಟು ಅಗತ್ಯವೋ, ಬೆರೆಸದವನನ್ನು ಕಾಯುವುದೂ ಅಷ್ಟೇ ಅಗತ್ಯ. ಋತುವಿನ ತಪ್ಪನ್ನು ಒಕ್ಕಲಿಗನ ತಲೆಗೆ ಕಟ್ಟದಂತೆ ಗ್ರಾಮದ ಹಿರಿಯರು ನೋಡಿಕೊಂಡರೆ, ಹೈನುಗಾರಿಕೆಯಲ್ಲಿ ಜನರ ನಂಬಿಕೆಯು ಉಳಿಯುವುದು.