ಸಸ್ಪೆನ್ಷನ್ ಎಷ್ಟಕ್ಕೆ ಇಡಬೇಕು?



ನಿಮ್ಮಲ್ಲಿ ಹಲವರು ಸ್ಪೇಸ್ ಎಂಜಿನಿಯರ್ಸ್ ಆಡುತ್ತೀರಿ ಎಂದು ನನಗೆ ಗೊತ್ತು. ಕನ್ನಡ ತರಗತಿಯ ಬಿಡುವಿನಲ್ಲಿ ಚಿಕ್ಕವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಸಸ್ಪೆನ್ಷನ್ ಎಷ್ಟಕ್ಕೆ ಇಡಬೇಕು?" ಎಲ್ಲ ಗಾಡಿಗೂ ಹೊಂದುವಂಥ ಒಂದು ಸಂಖ್ಯೆ ಇಲ್ಲ. ಯಾಕಿಲ್ಲ, ನಿಮ್ಮ ಗಾಡಿಗೆ ಬೇಕಾದ್ದನ್ನು ನೀವೇ ಕಂಡುಹಿಡಿಯುವುದು ಹೇಗೆ ಎಂದು ಈಗ ನೋಡೋಣ.

ಆಟದ ಪರಿಚಯವಿಲ್ಲದ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಪ್ರಾಗ್ ನಗರದ ಕೀನ್ ಸಾಫ್ಟ್‌ವೇರ್ ಹೌಸ್ 2013ರಲ್ಲಿ ಮೊದಲ ಬಾರಿಗೆ ಹೊರತಂದ ಆಟ ಇದು. ಬ್ಲಾಕ್‌ಗಳನ್ನು ಜೋಡಿಸಿ ಅಂತರಿಕ್ಷ ನೌಕೆ, ಗಾಡಿ ಎಲ್ಲವನ್ನೂ ಕಟ್ಟಬಹುದು. ಗಾಡಿಯ ಪ್ರತಿ ಚಕ್ರಕ್ಕೂ ಸ್ಟ್ರೆಂತ್, ಹೈಟ್ ಆಫ್‌ಸೆಟ್, ಫ್ರಿಕ್ಷನ್, ಪವರ್ ಎಂಬ ಸ್ಲೈಡರ್‌ಗಳಿರುತ್ತವೆ. ಸ್ಟ್ರೆಂತ್ ಎಂದರೆ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದು. ಹೈಟ್ ಆಫ್‌ಸೆಟ್ ಎಂದರೆ ಗಾಡಿಯ ಮೈ ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದು. ಫ್ರಿಕ್ಷನ್ ಎಂದರೆ ಚಕ್ರಕ್ಕೆ ನೆಲದ ಮೇಲಿರುವ ಹಿಡಿತ.

ಸ್ಪ್ರಿಂಗ್ ತೀರಾ ಮೆತ್ತಗಿದ್ದರೆ ಗಾಡಿ ಕುಸಿದು ಹೊಟ್ಟೆ ನೆಲಕ್ಕೆ ತಾಗುತ್ತದೆ. ತೀರಾ ಗಟ್ಟಿಯಾಗಿದ್ದರೆ ಸಣ್ಣ ಕಲ್ಲು ಸಿಕ್ಕರೂ ಪುಟಿಯುತ್ತದೆ. ಚಕ್ರ ಗಾಳಿಯಲ್ಲಿರುವಷ್ಟು ಹೊತ್ತು ಸ್ಟಿಯರಿಂಗ್ ತಿರುಗಿಸಿ ಪ್ರಯೋಜನವಿಲ್ಲ, ಬ್ರೇಕ್ ಕೂಡ ಹಿಡಿಯುವುದಿಲ್ಲ. ಊರಿಗೆ ಹೋದಾಗ ಗಮನಿಸಿ: ಗುಂಡಿ ಬಿದ್ದ ರಸ್ತೆಯಲ್ಲಿ ಖಾಲಿ ಲಾರಿ ದಡಬಡ ಎನ್ನುತ್ತಾ ಕುಣಿಯುತ್ತದೆ. ಅದೇ ಲಾರಿ ಲೋಡ್ ತುಂಬಿಕೊಂಡಾಗ ಶಾಂತವಾಗಿ ಹೋಗುತ್ತದೆ. ಅದರ ಸ್ಪ್ರಿಂಗ್ ಲೋಡಿಗೆಂದು ಮಾಡಿದ್ದು.

ಒಂದು ಸುಲಭದ ಲೆಕ್ಕ ಮಾಡೋಣ. ನಿಮ್ಮ ಗಾಡಿ 1000 ಕಿಲೋ, ನಾಲ್ಕು ಚಕ್ರ, ಭಾರ ಸಮನಾಗಿ ಹಂಚಿದೆ. ಅಂದರೆ ಒಂದೊಂದು ಚಕ್ರಕ್ಕೆ 250 ಕಿಲೋ. ಈಗ ಹಿಂದಿನ ಎರಡು ಚಕ್ರಗಳ ನೇರ ಮೇಲೆ 400 ಕಿಲೋ ಅದಿರು ತುಂಬಿದಿರಿ. ಹಿಂದಿನ ಒಂದೊಂದು ಚಕ್ರಕ್ಕೆ 450 ಕಿಲೋ ಆಯಿತು. ಮೊದಲಿನಷ್ಟೇ ಕುಗ್ಗಬೇಕಾದರೆ ಹಿಂದಿನ ಸ್ಪ್ರಿಂಗ್ 1.8 ಪಟ್ಟು ಗಟ್ಟಿಯಾಗಬೇಕು, ಮುಂದಿನದು ಇದ್ದಂತೆಯೇ ಇರಬೇಕು. ಸ್ಲೈಡರ್ ಇದೇ ಲೆಕ್ಕದಲ್ಲಿ ಏರಬೇಕೆಂದಿಲ್ಲ, ಆದರೆ ಯಾವ ಚಕ್ರವನ್ನು ಯಾವ ಕಡೆಗೆ ಬದಲಾಯಿಸಬೇಕು ಎಂಬುದು ಇದರಿಂದ ತಿಳಿಯುತ್ತದೆ.

ನೀವು ಯಾವ ನೆಲದ ಮೇಲಿದ್ದೀರಿ ಎಂಬುದೂ ಮುಖ್ಯ. ಆಟದ ಚಂದ್ರನ ಗುರುತ್ವ, ಆಟದ ಭೂಮಿಯ ನಾಲ್ಕನೇ ಒಂದು ಪಾಲು. ಭೂಮಿಯಲ್ಲಿ ಚೆನ್ನಾಗಿ ಓಡಿದ ಗಾಡಿಯ ಸ್ಪ್ರಿಂಗ್ ಅಲ್ಲಿ ಸರಿಯಾಗಿ ಕುಗ್ಗುವುದೇ ಇಲ್ಲ. ಗಾಡಿ ಎತ್ತರದಲ್ಲಿ ನಿಂತು ಪುಟಿಯುತ್ತಾ ಹೋಗುತ್ತದೆ. ನಿಜವಾದ ಚಂದ್ರನಲ್ಲಿ ಗುರುತ್ವ ಇನ್ನೂ ಕಡಿಮೆ, ಸುಮಾರು ಆರನೇ ಒಂದು ಪಾಲು. 1971ರಲ್ಲಿ ಅಪೊಲೊ 15ರ ಗಗನಯಾತ್ರಿಗಳು ಅಲ್ಲಿ ಓಡಿಸಿದ ರೋವರ್ ಸುಮಾರು 210 ಕಿಲೋ ಇತ್ತು. ಅದನ್ನು ಚಂದ್ರನಿಗೆಂದೇ ಎಷ್ಟು ಹಗುರವಾಗಿ ಕಟ್ಟಿದ್ದರೆಂದರೆ, ಭೂಮಿಯ ಮೇಲೆ ಅದು ಅವರಿಬ್ಬರ ಭಾರವನ್ನು ತಾಳುತ್ತಿರಲಿಲ್ಲ. ಹಾಗಾಗಿ ಅಭ್ಯಾಸಕ್ಕೆಂದು ಬೇರೆ ಗಾಡಿಯನ್ನೇ ಕಟ್ಟಬೇಕಾಯಿತು. ಅಷ್ಟು ದೊಡ್ಡ ಎಂಜಿನಿಯರ್‌ಗಳಿಗೂ ಎರಡೂ ಕಡೆಗೆ ಹೊಂದುವ ಒಂದೇ ಸೆಟ್ಟಿಂಗ್ ಸಿಗಲಿಲ್ಲ!

ಹಾಗಾದರೆ ನೀವು ಮಾಡಬೇಕಾದ್ದು ಇಷ್ಟು:

1. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ಅಂತರದ ನಡುಮಧ್ಯಕ್ಕೆ ಬಂದು ನಿಲ್ಲುವಂತೆ ಸ್ಟ್ರೆಂತ್ ಇಡಿ.
2. ಒಂದೇ ದಾರಿ, ಒಂದೇ ವೇಗ ಇಟ್ಟುಕೊಂಡು ಓಡಿಸಿ ನೋಡಿ.
3. ಒಂದು ಸಲಕ್ಕೆ ಒಂದೇ ಸ್ಲೈಡರ್ ಬದಲಾಯಿಸಿ, ಅದೂ 5 ಶೇಕಡಾದಷ್ಟು ಮಾತ್ರ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.
4. ತಿರುವಿನಲ್ಲಿ ಗಾಡಿ ಮಗುಚಿದರೆ ಫ್ರಿಕ್ಷನ್ ಸ್ವಲ್ಪ ಇಳಿಸಿ, ಇಲ್ಲವೇ ಗಾಡಿಯನ್ನು ತಗ್ಗಿಸಿ. ಎತ್ತರದ ಗಾಡಿಗೆ ಹಿಡಿತ ಜಾಸ್ತಿಯಾದರೆ ಅದು ಜಾರುವ ಬದಲು ಉರುಳುತ್ತದೆ.
5. ಖಾಲಿ ಇದ್ದಾಗ ಒಮ್ಮೆ, ಲೋಡ್ ತುಂಬಿದಾಗ ಒಮ್ಮೆ ಓಡಿಸಿ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ವಿಡಿಯೋ ನೋಡಿ ಸಂಖ್ಯೆ ನಕಲು ಮಾಡಬಹುದು. ಆದರೆ ಅದು ಅವರ ಗಾಡಿಯ ಸಂಖ್ಯೆ. ನಾಳೆ ನಿಮ್ಮ ಗಾಡಿಗೆ ಇನ್ನೊಂದು ಪೆಟ್ಟಿಗೆ ಸೇರಿಸಿದ ಕೂಡಲೇ ಅದು ಕೆಲಸಕ್ಕೆ ಬರುವುದಿಲ್ಲ. ಲೆಕ್ಕ ಗೊತ್ತಿದ್ದವರಿಗೆ ಆ ತೊಂದರೆ ಇಲ್ಲ.

ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಗಂಟೆಗಟ್ಟಲೆ ಒಂದೇ ಗಾಡಿಯನ್ನು ಓಡಿಸುತ್ತಿದ್ದರೆ "ಸಾಕು, ಮುಚ್ಚು" ಅನ್ನುವ ಮೊದಲು ಪಕ್ಕದಲ್ಲಿ ಕುಳಿತು ಎರಡು ಪ್ರಶ್ನೆ ಕೇಳಿ: "ಈಗ ಯಾವುದನ್ನು ಬದಲಾಯಿಸಿದೆ? ಯಾಕೆ?" ಕನ್ನಡದಲ್ಲೇ ಕೇಳಿ. ಭಾರ, ಎತ್ತರ, ಹಿಡಿತ, ವೇಗ ಇವೆಲ್ಲ ನಮ್ಮ ತರಗತಿಯಲ್ಲಿ ಕಲಿತ ಮಾತುಗಳೇ, ಮಕ್ಕಳು ಉತ್ತರ ಹೇಳಬಲ್ಲರು. ಕಾರಣ ಕೊಟ್ಟು ಉತ್ತರಿಸಿದರೆ, ಅವರು ಮಾಡುತ್ತಿರುವುದು ವಿಜ್ಞಾನದ ಪ್ರಯೋಗ, ಇನ್ನೊಂದು ಹತ್ತು ನಿಮಿಷ ಕೊಡಿ. "ಯಾರೋ ವಿಡಿಯೋದಲ್ಲಿ ಹೇಳಿದರು" ಅಂದರೆ, ಆಗ ಧಾರಾಳವಾಗಿ ಮುಚ್ಚಿಸಿ!