ಮೈತಡಕುವ ಕೈಗೂ ಒಂದು ಮೇರೆ

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ವಿದ್ಯೆ, ಉದ್ಯೋಗಗಳ ನಿಮಿತ್ತ ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿಯ ಬೀದಿಯಲ್ಲಿ ಪೊಲೀಸರು ತಡೆದು ಮೈತಡಕಿದರೆ, ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆ ಅವರ ಕೈಗೆ ಗಟ್ಟಿ ವಸ್ತುವಾಗಿ ತಾಗದೆ ಇರದು. ಲಿಂಗವನ್ನು ಅಗಲದಿರುವುದು ನಮ್ಮ ಆಚಾರ. ಹಾಗಾದರೆ ಪೊಲೀಸರ ಅಧಿಕಾರ ಎಲ್ಲಿಯವರೆಗೆ? ಈ ಪ್ರಶ್ನೆಗೆ ಆ ದೇಶದ ಸರ್ವೋಚ್ಚ ನ್ಯಾಯಾಲಯವು 1968ರಲ್ಲಿಯೇ ಉತ್ತರದ ಅಡಿಗಲ್ಲು ಹಾಕಿದೆ.

1963ರ ಅಕ್ಟೋಬರ್ 31ರಂದು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಇಬ್ಬರು ಒಂದೇ ಅಂಗಡಿಯ ಗಾಜಿನೊಳಗೆ ಮತ್ತೆ ಮತ್ತೆ ಇಣುಕಿ ಹೋಗುತ್ತಿದ್ದುದನ್ನು ಪತ್ತೇದಾರ ಮ್ಯಾಕ್‌ಫ್ಯಾಡನ್ ಕಂಡರು. ದರೋಡೆಯ ಸಂಚೆಂದು ಶಂಕಿಸಿ, ಅವರನ್ನೂ ಜೊತೆಗೂಡಿದ ಮೂರನೆಯವನನ್ನೂ ತಡೆದು, ಉಡುಪಿನ ಮೇಲಿನಿಂದ ತಡಕಿ ನೋಡಿದರು. ಇಬ್ಬರಲ್ಲಿ ರಿವಾಲ್ವರುಗಳು ದೊರೆತವು. ಮೂರನೆಯವನಲ್ಲಿ ಆಯುಧದ ಸುಳಿವು ಸಿಗಲಿಲ್ಲ. ಆದುದರಿಂದ ಅವನ ಮೇಲಂಗಿಯೊಳಗೆ ಅವರು ಕೈಹಾಕಲೇ ಇಲ್ಲ.

‘ಟೆರಿ ವಿರುದ್ಧ ಓಹಾಯೋ’ ಎಂದು ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ ನ್ಯಾಯಾಲಯವು 8–1 ಬಹುಮತದಿಂದ ಪೊಲೀಸರ ಕ್ರಮವನ್ನು ಎತ್ತಿಹಿಡಿಯಿತು. ಜೊತೆಗೆ ಮೇರೆಯನ್ನೂ ಎಳೆಯಿತು. ವ್ಯಕ್ತಿಯಲ್ಲಿ ಆಯುಧವಿದೆ, ಅವನಿಂದ ಅಪಾಯವಿದೆ ಎಂದು ನಂಬಲು ಹೇಳಿ ತೋರಿಸಬಲ್ಲ ಕಾರಣಗಳಿರಬೇಕು. ಬರಿಯ ಊಹೆ ಸಾಲದು. ಶೋಧನೆಯು ಆಯುಧಕ್ಕಾಗಿ ಮಾತ್ರ, ಸಾಕ್ಷ್ಯ ಹುಡುಕುವುದಕ್ಕಲ್ಲ.

1993ರ ‘ಮಿನ್ನೆಸೋಟ ವಿರುದ್ಧ ಡಿಕರ್ಸನ್’ ತೀರ್ಪು ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಜೇಬಿನಲ್ಲಿದ್ದ ಸಣ್ಣ ಗಂಟು ಆಯುಧವಲ್ಲವೆಂದು ತಿಳಿದ ಬಳಿಕವೂ ಅಧಿಕಾರಿಯು ಅದನ್ನು ಹಿಸುಕಿ, ಹೊರಳಿಸಿ ನೋಡಿದ್ದರು. ಅದು ಮಾದಕವಸ್ತುವೇ ಆಗಿದ್ದರೂ ಆ ಶೋಧನೆ ಸಂವಿಧಾನಬಾಹಿರವೆಂದು ನ್ಯಾಯಾಲಯ ಸಾರಿತು.

ಕರಡಿಗೆಗೂ ಇದೇ ನಿಯಮ. ಕೈಗೆ ತಾಗಿದ್ದು ಆಯುಧವಿರಬಹುದೆಂದು ಸಕಾರಣವಾಗಿ ತೋರಿದರೆ ಅಧಿಕಾರಿಯು ಅದನ್ನು ಹೊರತೆಗೆದು ನೋಡಬಹುದು. ಆಯುಧವಲ್ಲವೆಂದು ತಿಳಿದ ಮೇಲೆ, ಸುರಕ್ಷತೆಯ ಹೆಸರಿನಲ್ಲಿ ಅದನ್ನು ಬಿಚ್ಚಿ ಪರೀಕ್ಷಿಸುವಂತಿಲ್ಲ. ಬಂಧನವಾದ ಮೇಲಿನ ಶೋಧನೆ, ವಿಮಾನ ನಿಲ್ದಾಣದ ತಪಾಸಣೆಗಳ ನಿಯಮಗಳು ಮಾತ್ರ ಬೇರೆ.

ದೂರದಲ್ಲಿರುವ ಮಕ್ಕಳಿಗೆ ನಾವು ತಿಳಿಹೇಳಬೇಕಾದುದು ಇಷ್ಟು: ಪೊಲೀಸರು ತಡೆದಾಗ ಕೈಗಳು ಅವರಿಗೆ ಕಾಣುವಂತಿರಲಿ, ಕರಡಿಗೆಯನ್ನು ಕಾಪಾಡಲೆಂದು ತಟ್ಟನೆ ಎದೆಯತ್ತ ಕೈ ಒಯ್ಯಬಾರದು. ‘ಇದು ನಾನು ಧರಿಸುವ ಪೂಜಾವಸ್ತು, ಆಯುಧವಲ್ಲ’ ಎಂದು ಮೊದಲೇ ಶಾಂತವಾಗಿ ತಿಳಿಸಬೇಕು. ಹೆಚ್ಚಿನ ಶೋಧನೆಗೆ ಅನುಮತಿ ಕೇಳಿದರೆ, ಸಮ್ಮತಿಯಿಲ್ಲವೆಂದು ವಿನಯದಿಂದ ಹೇಳುವ ಹಕ್ಕು ಅವರಿಗಿದೆ. ಅಂಜಿಕೆಯಿಂದ ‘ಆಗಲಿ’ ಎಂದರೆ ಆ ಒಪ್ಪಿಗೆಯೇ ಕಾನೂನಿನ ಮೇರೆಯನ್ನು ಅಳಿಸಿಬಿಡುತ್ತದೆ. ಆದರೂ ಅಧಿಕಾರಿ ಮುಂದುವರಿದರೆ ಸೆಣಸಬಾರದು. ಮೇರೆ ಮೀರಿದವರನ್ನು ಪ್ರಶ್ನಿಸುವ ಸ್ಥಳ ಬೀದಿಯಲ್ಲ, ನ್ಯಾಯಾಲಯ.